ಡಿಂಗನನ್ನು ಕೊಂದವರು ಯಾರು?

ಮಂಗಳೂರಿನಲ್ಲಿ ನಲವತ್ತು ದಾಟಿದ ನಾಲ್ವರು ಒಂದೆಡೆ ಸೇರಿದರೆ ಸಾಕು, ಅಳು ಶುರುವಾಗುತ್ತದೆ. 'ಎಂಥಾ ಕಾಲ ಮಾರಾಯ ಅದು! ಬಾಲಮಂಗಳದ ಡಿಂಗ, ಸುಧಾದ ಫ್ಯಾಂಟಮ್, ಚಂದಮಾಮದ ಬೇತಾಳ... ಈಗಿನ ಮಕ್ಕಳಿಗೆ ಅದೆಲ್ಲ ಎಲ್ಲಿ ಉಂಟು?' ಈ ಅಳು ಮುಗಿಯುವ ಮೊದಲೇ ಇಂಗ್ಲಿಷ್ ಮೀಡಿಯಂ ಶಾಲೆಯ ಬಸ್ಸು ಬರುತ್ತದೆ. ಇಳಿದ ಮಗನಿಗೆ ಅದೇ ಅಪ್ಪ 'ಕಮ್ ಬೇಬಿ, ಶೂಸ್ ರಿಮೂವ್ ಮಾಡು' ಎನ್ನುತ್ತಾನೆ.

ಸ್ವಾಮಿ, ಈ ಕಣ್ಣೀರನ್ನು ನಾವು ನಂಬುವುದಿಲ್ಲ. ಹೆಣದ ಮುಂದೆ ಅಳುವವರನ್ನೇ ಹಿಡಿದು ಕೇಳಬೇಕಾಗಿದೆ: ಡಿಂಗನನ್ನು ಕೊಂದವರು ಯಾರು?

ಅಕ್ಷರದ ಜೊತೆ ಬಂದ ಕನ್ನಡ

ಮೈಸೂರಿನ ಮಗುವಿಗೆ ಕನ್ನಡ ಎದೆಹಾಲಿನ ಜೊತೆ ಸಿಗುತ್ತದೆ. ನಮ್ಮ ಊರಿನ ಕಥೆ ಬೇರೆ. ಇಲ್ಲಿ ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ, ಮಲಯಾಳ. ಹೆಚ್ಚಿನ ಮಕ್ಕಳಿಗೆ ಕನ್ನಡ ಬಂದದ್ದು ಅಕ್ಷರದ ಜೊತೆ, ಅಚ್ಚಿನ ಜೊತೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟದ್ದು ಇದೇ ಊರಿನಿಂದ. ತಂದವನು ಜರ್ಮನಿಯ ಹರ್ಮನ್ ಮೊಗ್ಲಿಂಗ್. ಮನೆಮಾತು ಕೊಂಕಣಿಯಾಗಿದ್ದ ಪಂಜೆ ಮಂಗೇಶರಾಯರು ಕನ್ನಡದ ಮಕ್ಕಳಿಗೆ ಹಾಡು, ಕಥೆ ಬರೆದುಕೊಟ್ಟರು. ಮನೆಮಾತು ಕೊಂಕಣಿಯೇ ಆಗಿದ್ದ ಮಂಜೇಶ್ವರದ ಗೋವಿಂದ ಪೈಗಳು ಕನ್ನಡದ ರಾಷ್ಟ್ರಕವಿಯಾದರು. ಓದಿನಿಂದ ಬಂದ ಕನ್ನಡ ಓದು ನಿಂತ ದಿನ ಹೋಗುತ್ತದೆ. ಕರಾವಳಿಯವರಿಗೆ ಈ ಎಚ್ಚರ ಬೇರೆಯವರಿಗಿಂತ ಹೆಚ್ಚು ಇರಬೇಕಿತ್ತು.

ನಮ್ಮ ಮನೆಯದ್ದೇ ಮಾತು ಹೇಳುತ್ತೇನೆ. ಅಮ್ಮ ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅವರಿಗೆ ಓದು ಬಾರದು, ಬಾಯಿಗೆ ತುಳು ಮಾತ್ರ. ಪಕ್ಕದ ಕ್ಷೌರದಂಗಡಿಯಿಂದ ಹಳೆಯ ಸುಧಾ ತಂದು, ಫ್ಯಾಂಟಮ್ಮನ ಚೌಕಗಳನ್ನು ಬೆರಳಿಟ್ಟು ಓದಿ, ಒಂದೊಂದನ್ನೂ ತುಳುವಿನಲ್ಲಿ ಹೇಳುತ್ತಿದ್ದೆ. ಚೌಕದಲ್ಲಿ ನಾಲ್ಕೇ ಶಬ್ದ. ಅರ್ಥವಾಗದಿದ್ದರೆ ಚಿತ್ರವೇ ಹೇಳಿಕೊಡುತ್ತಿತ್ತು. 'ಮುಂದುವರಿಯುವುದು' ಎಂದು ಇದ್ದರೆ ಮುಂದಿನ ವಾರದವರೆಗೆ ಅಮ್ಮನಿಗೂ ಸಮಾಧಾನವಿಲ್ಲ. ಪಾಠಪುಸ್ತಕ ನನಗೆ ಕನ್ನಡದ ಮಾರ್ಕು ಕೊಟ್ಟಿತು. ಕನ್ನಡದ ಹಸಿವು ಹುಟ್ಟಿಸಿದ್ದು ಆ ಚೌಕಗಳು.

ಉಣಬಡಿಸಿದವರು ಪರರು

ಇನ್ನು ನಾಚಿಕೆಯ ಸಂಗತಿ. ಈ ಊಟ ಬಡಿಸಿದವರು ಯಾರು? ಚಂದಮಾಮ ಬಂದದ್ದು ಮದ್ರಾಸಿನಿಂದ. ನಡೆಸಿದವರು ತೆಲುಗಿನ ನಾಗಿರೆಡ್ಡಿ ಮತ್ತು ಚಕ್ರಪಾಣಿ. ಡಿಂಗ ಹುಟ್ಟಿದ್ದು ಮಲಯಾಳದಲ್ಲಿ, ಕೊಟ್ಟಾಯಂನ ಮಂಗಳಂ ಬಳಗದಲ್ಲಿ. ಫ್ಯಾಂಟಮ್ ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ್ದು. ಪರರು ನಮ್ಮ ಮಕ್ಕಳಿಗೆ ಕನ್ನಡ ಓದಿಸಿದರು!

ನಮ್ಮವರು? ಅಮರ ಚಿತ್ರಕಥೆಯ ಬೀಜ ಬಿದ್ದದ್ದೇ ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಇಂಡಿಯಾ ಬುಕ್ ಹೌಸಿನ ಮೂಲಕ ಪಾಶ್ಚಾತ್ಯ ಮಕ್ಕಳ ಕಥೆಗಳನ್ನು ಚಿತ್ರಕಥೆಯಾಗಿ ಕನ್ನಡದಲ್ಲಿ ಹೊರತಂದರು. ಆ ಹತ್ತು ಕಥೆಗಳ ಲೆಕ್ಕ ಹಿಡಿದೇ ಮುಂದಿನ 'ಕೃಷ್ಣ'ನಿಗೆ 11ನೇ ಸಂಖ್ಯೆ ಬಿತ್ತು. ಆ ಸರಣಿಯನ್ನು ಮುಂಬಯಿಯಲ್ಲಿ ಕುಳಿತು ದೇಶಕ್ಕೆಲ್ಲ ಹಬ್ಬಿಸಿದವರು ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಅವರು ಇಂಗ್ಲಿಷಿನ ಮಕ್ಕಳಿಗೆ 'ಅಂಕಲ್ ಪೈ' ಆದರು. ಬೀಜವೂ ನಮ್ಮದು, ಬೇಸಾಯಗಾರನೂ ನಮ್ಮವನು, ಬೆಳೆ ಮಾತ್ರ ಇಂಗ್ಲಿಷಿನ ಕಣಜಕ್ಕೆ!

ಮೂವರು ಆರೋಪಿಗಳು

ಮೊದಲ ಆರೋಪಿ ಕನ್ನಡ ಪತ್ರಿಕೆಗಳು. ಚಿತ್ರಕಥೆಯ ಜಾಗವನ್ನು ತಾರೆಯರ ಮೈಮಾಟವೂ ರಾಶಿಫಲವೂ ಜಾಹೀರಾತೂ ತಿಂದವು. ಮಕ್ಕಳಿಗೆ ವಾರಕ್ಕೊಂದು ಪುಟ ಎಸೆದರೆ ಮುಗಿಯಿತೆ? ಹತ್ತು ವರ್ಷದ ಹುಡುಗ ಪತ್ರಿಕೆ ಬಿಡಿಸದಿದ್ದರೆ ಮೂವತ್ತರಲ್ಲಿ ಚಂದಾದಾರನಾಗುತ್ತಾನೆಯೇ? ಈ ಲೆಕ್ಕ ಗೂಡಂಗಡಿಯವನಿಗೆ ಗೊತ್ತು, ಸಂಪಾದಕ ಮಹಾಶಯರಿಗೆ ಗೊತ್ತಿಲ್ಲ.

ಎರಡನೆಯ ಆರೋಪಿ ನಾವೇ, ಚಳವಳಿಯವರು. ಚಿತ್ರರಂಗದವರ ಮಾತು ಕೇಳಿ ದಶಕಗಳ ಕಾಲ ಡಬ್ಬಿಂಗಿಗೆ ಅಡ್ಡ ನಿಂತೆವು. ಟಿವಿಯ ಕಾರ್ಟೂನುಗಳು ಬಂದಾಗ ಅವು ಕನ್ನಡ ಮಾತಾಡಲಿಲ್ಲ. ನಮ್ಮ ಮಕ್ಕಳೇ ಹಿಂದಿ ಮಾತಾಡಿದರು. ಚಿಂಟು ಟಿವಿ ಬಂದದ್ದು 2009ರಲ್ಲಿ. ಡಬ್ಬಿಂಗ್ ತಡೆದ ಚಿತ್ರರಂಗದ ಸಂಸ್ಥೆಗಳಿಗೆ ಭಾರತೀಯ ಸ್ಪರ್ಧಾ ಆಯೋಗ ದಂಡ ಹಾಕಿದ್ದು 2015ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕೈಬಿಟ್ಟಿತ್ತು. ಫ್ಯಾಂಟಮ್ ಸುಧಾದಲ್ಲಿ ಕನ್ನಡ ಮಾತಾಡಿದಾಗ ಯಾರ ಅನ್ನ ಹೋಗಿತ್ತು? ಕಾಗದದ ಮೇಲೆ ಅಮೃತವಾದದ್ದು ಪರದೆಯ ಮೇಲೆ ವಿಷ ಹೇಗಾಯಿತು? ಈ ತಪ್ಪನ್ನು ನಾವು ಒಪ್ಪಿಕೊಳ್ಳಲೇಬೇಕು.

ಮೂರನೆಯ ಆರೋಪಿ ಆ ಅಳುವ ಅಪ್ಪ. ಶಾಲೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಸರಿ, ಶಾಲೆ ನಿಮ್ಮಿಷ್ಟ. ಮನೆಯಲ್ಲಿ ಒಂದು ಕನ್ನಡ ಪುಸ್ತಕ ಇಡಬಾರದೆಂದು ಯಾವ ಕೋರ್ಟು ಹೇಳಿದೆ? ನಾನೂರು ರೂಪಾಯಿಯ ಪಿಜ್ಜಾ ತರಿಸುವ ಕೈ ನಲವತ್ತು ರೂಪಾಯಿಯ ಕನ್ನಡ ಪುಸ್ತಕಕ್ಕೆ ಏಕೆ ನಡುಗುತ್ತದೆ? ತಲಪಾಡಿ ದಾಟಿ ಕೇರಳದೊಳಗೆ ಹೋಗಿ ನೋಡಿ. 1972ರಲ್ಲಿ ಶುರುವಾದ 'ಬಾಲರಮ' ಇಂದಿಗೂ ಅಂಗಡಿಯಲ್ಲಿ ತೂಗುತ್ತಿದೆ. ಅಲ್ಲಿನ ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ಲವೇ? ನಮ್ಮ ಕಡೆ ಬಾಲಮಂಗಳ ಹಗ್ಗದಿಂದ ಮಾಯವಾಗಿ ವರ್ಷಗಳೇ ಕಳೆದವು.

ಕೈಗಳಿಗೆ ಬರವಿಲ್ಲ

ಚಿತ್ರ ಬರೆಯುವವರಿಲ್ಲ ಎಂಬ ನೆಪ ಬೇಡ. ಕುಂದಾಪುರದ ಸತೀಶ ಆಚಾರ್ಯರ ರೇಖೆಯನ್ನು ಹೊರದೇಶದವರೂ ಬಲ್ಲರು. ಅದೇ ಊರಿನಲ್ಲಿ 2014ರಿಂದ 'ಕಾರ್ಟೂನು ಹಬ್ಬ' ನಡೆದಿದೆ. ಕಥೆಗೂ ಬರವಿಲ್ಲ. ಡಿಂಗನನ್ನು ಒಂದೇ ಕೈಯಲ್ಲಿ ಎತ್ತಬಲ್ಲ ಅಗೋಳಿ ಮಂಜಣ ನಮ್ಮಲ್ಲಿದ್ದಾನೆ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಇದ್ದಾಳೆ. ಕೋಟಿ ಚೆನ್ನಯರಿದ್ದಾರೆ, ಯಕ್ಷಗಾನದ ಹಾಸ್ಯಗಾರ ಇದ್ದಾನೆ. ತುಳುವಿನ ಕಥೆ ಕನ್ನಡದ ಚೌಕದಲ್ಲಿ ಬಂದರೆ ಎರಡೂ ಭಾಷೆ ಬದುಕುತ್ತವೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಪ್ರತಿ ಕನ್ನಡ ದಿನಪತ್ರಿಕೆ ದಿನಕ್ಕೊಂದು ಚಿತ್ರಕಥೆ ಹಾಕಲಿ, ವಾರದಲ್ಲಿ ಎರಡಾದರೂ ಇಲ್ಲಿನ ಕಲಾವಿದರದ್ದಾಗಿರಲಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಾರ ತುರಾಯಿಯ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಪ್ರತಿ ಸರ್ಕಾರಿ ಶಾಲೆಗೆ ಚಿತ್ರಕಥೆಯ ಪುಸ್ತಕ ಕೊಡಲಿ. ನವೆಂಬರ್ ಒಂದರಂದು ಬಾವುಟ ಹಿಡಿಯುವ ನಮ್ಮ ಗೆಳೆಯರು ಒಂದೊಂದು ಮಗುವಿನ ಕೈಗೆ ಒಂದೊಂದು ಪುಸ್ತಕ ಹಿಡಿಸಲಿ.

ಮತ್ತೆ ನೀವು, ಅಳುವ ಅಣ್ಣಂದಿರೇ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಬಾಲಮಂಗಳ ಇದ್ದರೆ ಇಂದು ರಾತ್ರಿಯೇ ಕೆಳಗಿಳಿಸಿ. ಮಗುವನ್ನು ಪಕ್ಕದಲ್ಲಿ ಕೂರಿಸಿ ಒಂದು ಚೌಕ ನೀವು ಓದಿ, ಇನ್ನೊಂದು ಅದು ಓದಲಿ. ತಡವರಿಸಿದರೆ ತುಳುವಿನಲ್ಲಿ ಹೇಳಿಕೊಡಿ, ಕೊಂಕಣಿಯಲ್ಲಿ ಹೇಳಿಕೊಡಿ, ಬ್ಯಾರಿಯಲ್ಲಿ ಹೇಳಿಕೊಡಿ. ಅಷ್ಟೂ ಆಗದಿದ್ದರೆ ದಯವಿಟ್ಟು ಡಿಂಗನ ಹೆಸರಿನಲ್ಲಿ ಅಳಬೇಡಿ. ಕೊಂದವರು ಸೂತಕ ಆಚರಿಸುವುದು ಯಾವ ಜಾತಿಯಲ್ಲೂ ಇಲ್ಲ!