ಸಾವಿರಕ್ಕೆ ಐದು

ಮಾರ್ಚ್ ತಿಂಗಳೆಂದರೆ ಸರ್ಕಾರಿ ನೌಕರರಿಗೆ ಲೆಕ್ಕ ಮುಗಿಸುವ ತಿಂಗಳು. ಗ್ರಂಥಾಲಯದಲ್ಲಿ ಕೆಲಸ ಮಾಡುವ ನಮಗೆ ಅದು ಪುಸ್ತಕ ಎಣಿಸುವ ತಿಂಗಳೂ ಹೌದು. ನಾಸಿಕದ ನಮ್ಮ ಕಚೇರಿಯ ಗ್ರಂಥಾಲಯ ದೊಡ್ಡದೇನಲ್ಲ. ಇಪ್ಪತ್ತು ಸಾವಿರದೊಳಗಿನ ಸಂಗ್ರಹವಾದ್ದರಿಂದ ಪ್ರತಿ ವರ್ಷವೂ ಒಂದೊಂದು ಪುಸ್ತಕವನ್ನೂ ಕಣ್ಣಾರೆ ನೋಡಿ ಎಣಿಸಬೇಕೆಂಬುದು ನಿಯಮ. ಒಬ್ಬರು ಅಕ್ಸೆಷನ್ ರಿಜಿಸ್ಟರ್ ಹಿಡಿದು ಸಂಖ್ಯೆಯನ್ನು ಕೂಗುತ್ತಾರೆ, ಇನ್ನೊಬ್ಬರು ಕಪಾಟಿನಲ್ಲಿ ಹುಡುಕಿ 'ಇದೆ' ಎನ್ನುತ್ತಾರೆ, ಮೂರನೆಯವರು ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಧೂಳಿಗೆ ಮೂಗು ಕಟ್ಟಿ, ಸಂಜೆಯ ಹೊತ್ತಿಗೆ ಮೂವರ ದನಿಯೂ ಒಂದೇ ಆಗಿರುತ್ತದೆ.

ಈ ಸಲ ಏಳು ಪುಸ್ತಕಗಳು ಸಿಗಲಿಲ್ಲ. ವಾರದೊಳಗೆ ಒಂದು ಟಿಪ್ಪಣಿ ಬಂತು: ಹೊಣೆ ಯಾರದೆಂದು ನಿಗದಿಪಡಿಸಿ ವರದಿ ಸಲ್ಲಿಸುವುದು. ಇಪ್ಪತ್ತು ವರ್ಷಗಳ ಸೇವೆಯಲ್ಲಿ ಇಂಥ ಟಿಪ್ಪಣಿಗಳಿಗೆ ಉತ್ತರ ಬರೆಯುವುದು ಅಭ್ಯಾಸವಾಗಿದೆ. ಆದರೆ ಎಣಿಕೆ ನಡೆಯುತ್ತಿದ್ದಾಗ ನನ್ನನ್ನು ಕಾಡಿದ್ದು ಆ ಏಳು ಪುಸ್ತಕಗಳಲ್ಲ. ಹೆಬ್ಬೆರಳಿನಿಂದ ಹಿಂದಿನ ರಟ್ಟು ತೆರೆದಾಗಲೆಲ್ಲ ಕಾಣುತ್ತಿದ್ದ, ಒಂದು ಮೊಹರೂ ಬೀಳದ ಬಿಳಿಯ ಚೀಟಿಗಳು. ಮರಳಿಸಬೇಕಾದ ದಿನಾಂಕ ಒತ್ತುವ ಆ ಚೀಟಿ ಖಾಲಿ ಇದೆಯೆಂದರೆ ಕೊಂಡ ದಿನದಿಂದ ಇಂದಿನವರೆಗೆ ಆ ಪುಸ್ತಕ ಯಾರ ಮನೆಯನ್ನೂ ನೋಡಿಲ್ಲ ಎಂದರ್ಥ. ಅಂಥವು ಏಳಲ್ಲ, ಕಪಾಟುಗಟ್ಟಲೆ ಇದ್ದವು. ಅವುಗಳ ಮುಂದೆ ನಾವು ಹಾಕಿದ್ದು 'ಸರಿ' ಗುರುತು. ಅವುಗಳ ಬಗ್ಗೆ ಯಾವ ಟಿಪ್ಪಣಿಯೂ ಬರುವುದಿಲ್ಲ.

ನಿಯಮವೇ ಹೀಗಿದೆಯೆಂದು ಬೈಯುವವರಿದ್ದಾರೆ. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಆದರೆ ನಿಯಮ ಅಷ್ಟು ಕಠಿಣವಾಗಿಲ್ಲ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರಲ್ಲಿ 215ನೆಯದು ಗ್ರಂಥಾಲಯಗಳಿಗೆ ಸಂಬಂಧಿಸಿದ್ದು. ವರ್ಷವೊಂದರಲ್ಲಿ ಎರವಲು ಕೊಟ್ಟ ಅಥವಾ ಅಲ್ಲೇ ಕುಳಿತು ನೋಡಿದ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದರೆ ಅದನ್ನು ಸಹಜವೆಂದು ಪರಿಗಣಿಸಬಹುದು, ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದರೆ ಸಾಕು ಎಂದು ಅದು ಹೇಳುತ್ತದೆ. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ, ಬೆಲೆ ಎಷ್ಟೇ ಇದ್ದರೂ ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಗಮನಿಸುವವರು ಕಡಿಮೆ. ಈ ರಿಯಾಯಿತಿಯನ್ನು ಲೆಕ್ಕ ಹಾಕುವುದು ಗ್ರಂಥಾಲಯದಲ್ಲಿರುವ ಪುಸ್ತಕಗಳ ಮೇಲಲ್ಲ, ಓದುಗರ ಕೈಗೆ ಹೋದ ಪುಸ್ತಕಗಳ ಮೇಲೆ. ಹೆಚ್ಚು ಕೊಟ್ಟವನಿಗೆ ಹೆಚ್ಚು ರಿಯಾಯಿತಿ; ಏನನ್ನೂ ಕೊಡದೆ ಬೀಗ ಹಾಕಿಟ್ಟವನಿಗೆ ರಿಯಾಯಿತಿ ಸೊನ್ನೆ. ಈ ನಿಯಮವನ್ನು ರೂಪಿಸಿದವರು ಯಾರೋ ಗ್ರಂಥಾಲಯವನ್ನು ಬಲ್ಲವರೇ ಇರಬೇಕು. ಅದನ್ನು ಓದುವ ನಾವು ಮಾತ್ರ ಉಗ್ರಾಣದ ಕಾವಲುಗಾರರಂತೆ ಓದುತ್ತೇವೆ.

ನನ್ನ ವಾದವಿಷ್ಟೆ: ನಮ್ಮ ದೇಶದ ಗ್ರಂಥಾಲಯಗಳನ್ನು ಬಡವಾಗಿಸಿರುವುದು ಕಳೆದುಹೋದ ಪುಸ್ತಕಗಳಲ್ಲ, ಕಳೆದೀತೆಂಬ ಭಯ. ಎಸ್. ಆರ್. ರಂಗನಾಥನ್ 1931ರಲ್ಲಿ ತಮ್ಮ ಐದು ಸೂತ್ರಗಳ ಪುಸ್ತಕವನ್ನು ಪ್ರಕಟಿಸಿದಾಗ, ಪುಸ್ತಕಗಳಿರುವುದು ಬಳಕೆಗಾಗಿ ಎಂಬ ಮೊದಲ ಸೂತ್ರವನ್ನು ವಿವರಿಸಲು ಆರಿಸಿಕೊಂಡ ಉದಾಹರಣೆ, ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಪಾಟಿಗೆ ಬಿಗಿದಿಡುತ್ತಿದ್ದುದು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ, 1972ರಲ್ಲಿ ಅಲ್ಲಿಯೇ ತೀರಿಕೊಂಡ ಅವರ ಜನ್ಮದಿನದಂದು, ಆಗಸ್ಟ್ 12ಕ್ಕೆ, ನಾವು ಅವರ ಪಟಕ್ಕೆ ಹಾರ ಹಾಕುತ್ತೇವೆ. ಸರಪಳಿ ಈಗಿಲ್ಲ, ನಿಜ. ಅದರ ಜಾಗದಲ್ಲಿ ಗೋದ್ರೆಜ್ ಬೀರು ಇದೆ, ಬೀಗದ ಕೈ ನನ್ನ ಜೇಬಿನಲ್ಲಿದೆ.

ಈ ಮಾತನ್ನು ಇತರರ ಬಗ್ಗೆ ಆಡುವ ಮೊದಲು ನನ್ನದೇ ಒಂದು ಪ್ರಸಂಗ ಹೇಳಬೇಕು.

ನಾಸಿಕಕ್ಕೆ ಬರುವ ಮುಂಚೆ ನಾನು ಐದು ವರ್ಷ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿದ್ದೆ. ಆಗಿನ್ನೂ ಅದು ಔರಂಗಾಬಾದ್; ಹೆಸರು ಅಧಿಕೃತವಾಗಿ ಬದಲಾದದ್ದು 2023ರಲ್ಲಿ. ಅಲ್ಲಿನ ಪುಸ್ತಕಗಳ ಒಳಪುಟದ ಮೊಹರಿನಲ್ಲಿ ಹಳೆಯ ಹೆಸರೇ ಇದೆ, ಇನ್ನೂ ನೂರು ವರ್ಷ ಇರುತ್ತದೆ. ರಾಜಭಾಷಾ ಕಾರ್ಯಕ್ರಮದಂತೆ ಕೇಂದ್ರ ಕಚೇರಿಗಳು ನಿಯತಕಾಲಿಕ ಹಾಗೂ ಆಕರ ಗ್ರಂಥಗಳನ್ನು ಬಿಟ್ಟು ಉಳಿದ ಪುಸ್ತಕದ ಅನುದಾನದಲ್ಲಿ ಅರ್ಧವನ್ನು ಹಿಂದಿ ಪುಸ್ತಕಗಳಿಗೆ ವ್ಯಯಿಸಬೇಕು. ಮಿಕ್ಕ ಅರ್ಧದಲ್ಲಿ ಇಂಗ್ಲಿಷ್, ತಾಂತ್ರಿಕ ಪುಸ್ತಕ, ಒಂದಿಷ್ಟು ಮರಾಠಿ. ಕನ್ನಡಕ್ಕೆ ಅಲ್ಲಿ ಜಾಗವೆಲ್ಲಿಂದ ಬರಬೇಕು? ಆದರೂ ಒಂದು ಕಪಾಟಿನ ಕೆಳಗಿನ ಅಂಕಣದಲ್ಲಿ ನಲವತ್ತರಷ್ಟು ಕನ್ನಡ ಪುಸ್ತಕಗಳಿದ್ದವು. ಹಿಂದೆ ಅಲ್ಲಿದ್ದ ಅಧಿಕಾರಿಯೊಬ್ಬರು ವರ್ಗವಾಗಿ ಹೋಗುವಾಗ ದಾನ ಕೊಟ್ಟವು. ಕವಿರಾಜಮಾರ್ಗಕಾರ ಕನ್ನಡನಾಡಿನ ಬಡಗಣ ಎಲ್ಲೆಯೆಂದು ಹೇಳಿದ ಗೋದಾವರಿ ಆ ಜಿಲ್ಲೆಯ ತೆಂಕಣ ಅಂಚಿನಲ್ಲೇ ಹರಿಯುತ್ತದೆ. ರಾಷ್ಟ್ರಕೂಟ ಕೃಷ್ಣನ ಕೈಲಾಸ ದೇವಾಲಯ ಇರುವ ಎಲ್ಲೋರಾ ಊರಿಗೆ ಮೂವತ್ತು ಕಿಲೋಮೀಟರು. ಆ ನಲವತ್ತು ಪುಸ್ತಕಗಳನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗಿ ಒಣ ಹೆಮ್ಮೆಯೊಂದು ಬರುತ್ತಿತ್ತು. ಓದಲು ತೆಗೆದುಕೊಳ್ಳುತ್ತಿದ್ದವನು ನಾನೊಬ್ಬನೇ.

ಒಂದು ಸಂಜೆ ತೇಜಸ್ವಿಯವರ 'ಕರ್ವಾಲೊ' ಕೈಯಲ್ಲಿ ಹಿಡಿದು ಗೇಟು ದಾಟುತ್ತಿದ್ದಾಗ ರಾತ್ರಿ ಪಾಳಿಯ ಕಾವಲುಗಾರ ತಡೆದ. ಇಪ್ಪತ್ತೈದರ ಹುಡುಗ.

"ಸರ್, ನೀವು ಕನ್ನಡದೋರೇನ್ರಿ?"

ಬೀದರ್ ಜಿಲ್ಲೆಯ ಔರಾದ್ ಕಡೆಯವನು. ಪಿಯುಸಿ ಅರ್ಧಕ್ಕೆ ಬಿಟ್ಟು ಕೆಲಸ ಹುಡುಕಿ ಬಂದವನು. ಪುಸ್ತಕವನ್ನು ತಿರುಗಿಸಿ ನೋಡಿ, "ಇದು ಓದ್ಲಿಕ್ಕೆ ಕೊಡ್ತೀರೇನ್ರಿ? ರಾತ್ರಿ ಡ್ಯೂಟಿ ಅದ. ಮೊಬೈಲ್ ನೋಡಿ ನೋಡಿ ಕಣ್ಣು ಉರೀತಾವ್ರಿ" ಎಂದ. ಗುತ್ತಿಗೆಯ ನೌಕರರಿಗೆ ಗ್ರಂಥಾಲಯದ ಸದಸ್ಯತ್ವವಿರಲಿಲ್ಲ. ಅವರ ಏಜೆನ್ಸಿ ಯಾವಾಗ ಬದಲಾದೀತೋ, ಅವರು ಯಾವಾಗ ಹೊರಟುಬಿಡುತ್ತಾರೋ, ಪುಸ್ತಕ ಹೋದರೆ ವಸೂಲಿ ಯಾರಿಂದ? ನಾನು ಅಷ್ಟನ್ನೂ ವಿವರಿಸಲಿಲ್ಲ. "ನಿಯಮದಾಗ ಬರೂದಿಲ್ಲಪ್ಪ" ಎಂದೆ. "ಹೌದ್ರಿ ಸರ್" ಎಂದು ಪುಸ್ತಕವನ್ನು ಎರಡೂ ಕೈಯಿಂದ ಹಿಂದಿರುಗಿಸಿದ. ಮನೆಯಲ್ಲಿ ನನ್ನ ಸ್ವಂತದ ಕನ್ನಡ ಪುಸ್ತಕಗಳು ಎರಡು ಕಪಾಟು ತುಂಬ ಇದ್ದವು. ಅವುಗಳಲ್ಲೊಂದನ್ನು ತಂದುಕೊಡಬಹುದಿತ್ತೆಂಬುದು ಎರಡು ತಿಂಗಳ ನಂತರ ಹೊಳೆಯಿತು. ಅಷ್ಟರಲ್ಲಿ ಗುತ್ತಿಗೆ ಬದಲಾಗಿ ಗೇಟಿನಲ್ಲಿ ಬೇರೆ ಮುಖಗಳಿದ್ದವು. ಆ ಮಾರ್ಚಿನ ಎಣಿಕೆಯಲ್ಲಿ 'ಕರ್ವಾಲೊ' ಇದ್ದಲ್ಲಿಯೇ ಇತ್ತು. ನಾನೇ 'ಇದೆ' ಎಂದೆ.

ಈಗ ಕುಟುಂಬ ಸಂಭಾಜಿನಗರದಲ್ಲೇ ಇದೆ, ಮಗಳ ಶಾಲೆ ಅಲ್ಲಿ. ವಾರದ ಕೊನೆಗೆ ನಾನು ನಾಸಿಕದಿಂದ ಹೊರಡುತ್ತೇನೆ. ರೈಲು ಸಿಕ್ಕರೆ ಮನ್ಮಾಡ್ ಮೇಲೆ, ಇಲ್ಲದಿದ್ದರೆ ಜನ ಲಾಲ್ ಪರಿ ಎಂದು ಕರೆಯುವ ಕೆಂಪು ಎಸ್.ಟಿ. ಬಸ್ಸಿನಲ್ಲಿ ನಿಫಾಡ್, ಯೇವಲಾ, ವೈಜಾಪುರದ ಮೇಲೆ. ಬಸ್ಸೇ ನನಗಿಷ್ಟ. ಯೇವಲಾದಲ್ಲಿ ಚಹಾಕ್ಕೆ ನಿಲ್ಲುತ್ತದೆ. ಪೈಠಣಿ ಸೀರೆಗಳ ಊರು. 1935ರ ಅಕ್ಟೋಬರ್ 13ರಂದು ಅಂಬೇಡ್ಕರರು ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದ ಊರು. ಅದೇ ದಾರಿಯ ಕೊನೆಯಲ್ಲಿ, ಸಂಭಾಜಿನಗರದಲ್ಲಿ, 1950ರಲ್ಲಿ ಅವರು ಕಟ್ಟಿದ ಕಾಲೇಜು ಇದೆ, ಮಿಲಿಂದ್ ಎಂದು ಅದರ ಹೆಸರು. ಪುಸ್ತಕಗಳಿಗಾಗಿಯೇ ಮನೆ ಕಟ್ಟಿಸಿದರೆಂದು ನಾವು ಹೇಳುವ ಆ ಮನುಷ್ಯ ಓದಿನ ಬಾಗಿಲನ್ನು ಯಾರಿಗಾಗಿ ತೆರೆಯಲು ಹೊರಟಿದ್ದರೆಂದು ಬಸ್ಸು ಯೇವಲಾ ದಾಟುವಾಗ ಯೋಚಿಸುತ್ತೇನೆ. ಜೊತೆಗೆ ಔರಾದಿನ ಹುಡುಗನೂ ನೆನಪಾಗುತ್ತಾನೆ.

ಈ ಎರಡು ಊರುಗಳಲ್ಲಿ ಪುಸ್ತಕವನ್ನು ಹಗ್ಗ ಬಿಚ್ಚಿ ಬಿಟ್ಟವರನ್ನು ನಾನು ಕಂಡಿದ್ದೇನೆ, ಅದಕ್ಕೇ ಈ ಲೇಖನ. ನಾಸಿಕ ಮರಾಠಿ ಕವಿ ಕುಸುಮಾಗ್ರಜರ ಊರು. ಅವರ ಜನ್ಮದಿನ ಫೆಬ್ರವರಿ 27ನ್ನೇ ಮಹಾರಾಷ್ಟ್ರ ಮರಾಠಿ ಭಾಷಾ ದಿನವಾಗಿ ಆಚರಿಸುತ್ತದೆ. ಅವರ ಹೆಸರಿನ ಪ್ರತಿಷ್ಠಾನ 'ಗ್ರಂಥ ತುಮಚ್ಯಾ ದಾರಿ' ಎಂಬ ಯೋಜನೆ ನಡೆಸುತ್ತಿದೆ. ಪುಸ್ತಕ ನಿಮ್ಮ ಬಾಗಿಲಿಗೆ ಎಂದು ಅರ್ಥ. ನೂರು ಪುಸ್ತಕ ತುಂಬಿದ ಒಂದು ಪೆಟ್ಟಿಗೆಯನ್ನು ಯಾವುದೋ ಬಡಾವಣೆಯ ಓದುಗರ ಗುಂಪಿಗೆ ಕೊಟ್ಟುಬಿಡುತ್ತಾರೆ. ಅವರು ತಮ್ಮೊಳಗೆ ಹಂಚಿಕೊಂಡು ಓದಿ ಮುಗಿಸಿದ ಮೇಲೆ ಪೆಟ್ಟಿಗೆ ಇನ್ನೊಂದು ಗುಂಪಿಗೆ ಹೋಗುತ್ತದೆ. ಹೀಗೆ ಕೈಬದಲಾಯಿಸುತ್ತ ಪೆಟ್ಟಿಗೆಗಳು ದುಬೈವರೆಗೂ ಹೋಗಿವೆ. ನಾಸಿಕದಿಂದ ಓಝರ್ ಕಡೆಗೆ ಆಗ್ರಾ ಹೆದ್ದಾರಿಯಲ್ಲಿ ಅಜ್ಜಿಯೊಬ್ಬರ 'ಪುಸ್ತಕದ ಹೋಟೆಲ್' ಇದೆ. ಊಟ ಬರುವವರೆಗೆ ಕೈಗೆ ಮೊಬೈಲ್ ಬದಲು ಪುಸ್ತಕ ಬರಲಿ ಎಂಬುದು ಆ ಅಜ್ಜಿಯ ಆಸೆ. ಅಲ್ಲಿ ಗೋಡೆಗಳುದ್ದಕ್ಕೂ ಪುಸ್ತಕ, ಮೇಜಿನ ಮೇಲೂ ಪುಸ್ತಕ. ಸಾರಿನ ಕಲೆ ಬಿದ್ದ ಪುಟಗಳನ್ನು ನಾನೇ ನೋಡಿದ್ದೇನೆ. ನಮ್ಮ ಕಚೇರಿಯಲ್ಲಾಗಿದ್ದರೆ ಅದಕ್ಕೊಂದು ಕಡತ ತೆರೆಯುತ್ತಿತ್ತು. ಸಂಭಾಜಿನಗರದಲ್ಲಿ 2021ರಲ್ಲಿ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಒಬ್ಬ ಶಾಲಾ ಬಾಲಕಿ ತನ್ನ ಮೊಹಲ್ಲಾದ ಮಕ್ಕಳಿಗಾಗಿ ತನ್ನದೇ ಪುಸ್ತಕಗಳಿಂದ ಗ್ರಂಥಾಲಯ ಆರಂಭಿಸಿದಳು. ಅದನ್ನು ನೋಡಿ ಊರಿನ ಹತ್ತಾರು ಮೊಹಲ್ಲಾಗಳಲ್ಲಿ ಅಂಥವು ಹುಟ್ಟಿಕೊಂಡವು. ಅಲ್ಲಿ ಲೆಕ್ಕ ಇಡುವವರೂ ಮಕ್ಕಳೇ.

ಈ ಮೂರೂ ಕಡೆ ಪುಸ್ತಕಗಳು ಕಳೆಯುವುದಿಲ್ಲವೇ? ಕಳೆಯುತ್ತವೆ. ಸಾವಿರಕ್ಕೆ ಐದಕ್ಕಿಂತ ಹೆಚ್ಚೇ ಕಳೆಯಬಹುದು. ಪುಸ್ತಕ ಕಳೆದುಕೊಳ್ಳುವ ಸುಖದ ಬಗ್ಗೆ ಇಂಗ್ಲಿಷ್ ಎಂ.ಎ.ಯಲ್ಲಿ ನಾವು ಓದಿದ ಚಾರ್ಲ್ಸ್ ಲ್ಯಾಂಬ್ 1820ರಲ್ಲೇ ಒಂದು ಪ್ರಬಂಧ ಬರೆದ. ಮನುಷ್ಯರಲ್ಲಿ ಸಾಲ ಪಡೆಯುವವರು, ಸಾಲ ಕೊಡುವವರು ಎಂಬ ಎರಡೇ ಜಾತಿ ಎಂದು ಶುರುಮಾಡಿ, ತನ್ನ ಕಪಾಟಿನಲ್ಲಿ ಕೋಲ್‌ರಿಜ್ ಮಾಡಿಹೋದ ಖಾಲಿ ಜಾಗಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಕೋಲ್‌ರಿಜ್ ಹಿಂದಿರುಗಿಸಿದ ಪುಸ್ತಕಗಳ ಅಂಚಿನಲ್ಲಿ ಟಿಪ್ಪಣಿಗಳಿರುತ್ತಿದ್ದವು, ಪುಸ್ತಕದ ಬೆಲೆ ಅದರಿಂದ ಮೂರು ಪಟ್ಟಾಗುತ್ತಿತ್ತು ಎಂಬುದು ಅವನ ಲೆಕ್ಕ. ಲ್ಯಾಂಬ್ ಕೂಡ ನಮ್ಮಂತೆ ಗುಮಾಸ್ತ, ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಮೂವತ್ತಮೂರು ವರ್ಷ ಲೆಕ್ಕ ಬರೆದವನು. ಆದರೆ ಪುಸ್ತಕದ ಲೆಕ್ಕ ಬೇರೆಯೆಂದು ಅವನಿಗೆ ಗೊತ್ತಿತ್ತು.

ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪುವುದಿಲ್ಲ. "ಅವನದು ಸ್ವಂತದ ಕಪಾಟು, ನಮ್ಮದು ಸಾರ್ವಜನಿಕರ ಹಣ" ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಹಳೆಯ ಗ್ಯಾಸೆಟಿಯರನ್ನೋ ಮತ್ತೆ ಸಿಗದ ವರದಿಯನ್ನೋ ಬೀಗದೊಳಗೇ ಇಡಬೇಕು, ಅಂಥ ಅಪರೂಪದವು ಕಳೆದರೆ ವಿಚಾರಣೆ ಆಗಲೇಬೇಕೆಂದು ನಿಯಮವೂ ಹೇಳುತ್ತದೆ. ಆದರೆ ಸಾರ್ವಜನಿಕರ ಹಣದಿಂದ ಕೊಂಡು ಸಾರ್ವಜನಿಕರಲ್ಲಿ ಒಬ್ಬನೂ ಮುಟ್ಟದ ಪುಸ್ತಕಕ್ಕೆ ಸುರಿದ ಹಣ ಉಳಿಯಿತೋ ಹೋಯಿತೋ? ಇದಕ್ಕೆ ಅವರು ನಗುತ್ತಾರೆ, ಉತ್ತರ ಹೇಳುವುದಿಲ್ಲ.

ಕನ್ನಡನಾಡಿನ ಕಡೆಗೂ ಒಂದು ಮಾತು. ನಮಗೆ 1965ರ ಗ್ರಂಥಾಲಯ ಕಾಯಿದೆ ಇದೆ, ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. ಮಹಾರಾಷ್ಟ್ರದ 1967ರ ಕಾಯಿದೆಯಲ್ಲಿ ಅಂಥ ಕರವಿಲ್ಲ. ಓದುಗರೇ ಕಟ್ಟಿಕೊಂಡ ಸಂಘಗಳ ವಾಚನಾಲಯಗಳಿಗೆ ಸರ್ಕಾರ ದರ್ಜೆಗನುಸಾರ ಅನುದಾನ ಕೊಡುತ್ತದೆ. ನಾಸಿಕದ ಸಾರ್ವಜನಿಕ ವಾಚನಾಲಯ 1840ರದು. ಅದರ ಕಾರ್ಯಕಾರಿ ಮಂಡಳಿಗೆ ಸದಸ್ಯರು ಮತ ಹಾಕುತ್ತಾರೆ, ಊರಿನಲ್ಲಿ ಪೈಪೋಟಿಯ ಚುನಾವಣೆಯೇ ನಡೆಯುತ್ತದೆ. ದೀಪಾವಳಿ ವಿಶೇಷಾಂಕಗಳು ಬಂದವೆಂದರೆ ಯಾರ ಸರದಿ ಮೊದಲು ಎಂದು ಜಗಳ. ಹಣದ ವಿಷಯದಲ್ಲಿ ನಮ್ಮ ಕಾಯಿದೆಯೇ ಮೇಲೆಂದು ನಾನು ಇಂದಿಗೂ ನಂಬುತ್ತೇನೆ. ಆದರೆ ಜಗಳವಾಡುವಷ್ಟು ಹಕ್ಕು ನಮ್ಮ ಓದುಗನಿಗೆ ತನ್ನ ಗ್ರಂಥಾಲಯದ ಮೇಲೆ ಇದೆಯೇ? ಹಾವೇರಿ ಜಿಲ್ಲೆಯ ನನ್ನ ಹಳ್ಳಿಗೆ ಹೋದಾಗ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗುತ್ತೇನೆ. 'ಓದುವ ಬೆಳಕು' ಕಾರ್ಯಕ್ರಮ ಬಂದ ಮೇಲೆ ಮಕ್ಕಳು ಬರುತ್ತಿದ್ದಾರೆ, ಗೋಡೆಗೆ ಬಣ್ಣ ಬಂದಿದೆ, ಅದು ಸಂತೋಷದ ಸಂಗತಿ. ಆದರೆ ಕಳೆದ ಸಲ ಹೋದಾಗ ಹೊಸ ಪುಸ್ತಕಗಳು ಗಾಜಿನ ಬೀರುವಿನಲ್ಲಿ ಬೀಗದೊಳಗಿದ್ದವು. ಯಾಕೆಂದು ಕೇಳಿದೆ. "ಹೋದ್ರ ನನ್ನ ಪಗಾರದಾಗ ಮುರ್ಕೊಂಡಾರ್ರೀ, ಅಣ್ಣಾರ" ಎಂದು ಆ ತಂಗಿ ಹೇಳಿದಳು. ಹಾಗೆ ಮುರಿದುಕೊಂಡದ್ದನ್ನು ಅವಳು ಕಂಡಿಲ್ಲ. ಯಾರೋ ಹೇಳಿದ್ದಾರೆ. ಕಡಿಮೆ ಸಂಬಳದ ಆ ಹೆಣ್ಣುಮಗಳಿಗೆ ಸಾವಿರಕ್ಕೆ ಐದರಂಥ ಭರವಸೆಯೊಂದನ್ನು ಬರವಣಿಗೆಯಲ್ಲಿ ಕೊಡಲು ಎಷ್ಟು ಖರ್ಚಾದೀತು? ಒಂದು ಸುತ್ತೋಲೆ ಸಾಕು. ಬೀರು ಅದೇ ದಿನ ತೆರೆಯುತ್ತದೆ.

ಟಿಪ್ಪಣಿಗೆ ನಾನು ಈ ಸಲ ಬರೆದ ಉತ್ತರ ಎರಡು ಪುಟದ್ದು. ಮೊದಲ ಪುಟದಲ್ಲಿ ವರ್ಷದ ಎರವಲಿನ ಸಂಖ್ಯೆ, 215ನೆಯ ನಿಯಮ, ಏಳು ಪುಸ್ತಕಗಳಲ್ಲಿ ಒಂದೂ ಸಾವಿರ ರೂಪಾಯಿ ಮೀರಿದ್ದಲ್ಲ, ಅಪರೂಪದ್ದೂ ಅಲ್ಲ ಎಂಬ ವಿವರ. ಎರಡನೆಯ ಪುಟದಲ್ಲಿ ಯಾರೂ ಕೇಳದಿದ್ದ ಮಾತು: ಮುಂದಿನ ವರ್ಷದಿಂದ ಪರಿಶೀಲನಾ ವರದಿಯಲ್ಲಿ 'ಐದು ವರ್ಷಗಳಿಂದ ಯಾರೂ ಒಯ್ಯದ ಪುಸ್ತಕಗಳು' ಎಂಬ ಅಂಕಣವೊಂದನ್ನು ಸೇರಿಸಬೇಕು, ಗೇಟಿನ ಕಾವಲುಗಾರರು, ಕಸ ಗುಡಿಸುವವರು, ಕ್ಯಾಂಟೀನಿನ ಹುಡುಗರು, ಗುತ್ತಿಗೆಯವರಾದರೂ, ಒಂದು ಬಾರಿಗೆ ಒಂದು ಪುಸ್ತಕ ಒಯ್ಯಲು ಅನುಮತಿ ಕೊಡಬೇಕು. ಅವರಿಂದ ಠೇವಣಿ ತೆಗೆದುಕೊಳ್ಳಬೇಕೇ ಎಂದು ಅಧಿಕಾರಿ ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದ್ದರು. ಬೇಡವೆಂದು ಬರೆದೆ. ಕಡತ ಈಗ ಲೆಕ್ಕಪತ್ರ ವಿಭಾಗದಲ್ಲಿದೆ. ಮೊನ್ನೆ ವಿಚಾರಿಸಿದಾಗ, ಮೊದಲ ಪುಟ ಒಪ್ಪಿಗೆಯಾಗಿದೆ, ಎರಡನೆಯದರ ಮೇಲೆ ಚರ್ಚೆ ಆಗಬೇಕಂತೆ ಎಂದರು.