ಬೀಳ್ಕೊಡುವುದೂ ಬೀಳ್ಕೊಳ್ಳುವುದೂ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ನಾನು ಶಾಲೆಯ ಹಳೆಯ ಕಥೆಯನ್ನು ಬರೆಯುವೆನೆಂದೇ ಅವರು ಭಾವಿಸಿದ್ದಿರಬೇಕು. ಕಟ್ಟಡ ಎದ್ದ ಬಗೆ, ಊರ ಮಹನೀಯರ ಔದಾರ್ಯ, ಹಿಂದಿನ ಅಧ್ಯಾಪಕರ ಶ್ರಮ, ಇವುಗಳ ಕುರಿತು ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿಯೇ ಇದ್ದಾರೆ. ಆದುದರಿಂದ ನಾನು ಬೇರೊಂದು ವಿಷಯವನ್ನು ಎತ್ತಿಕೊಳ್ಳುತ್ತೇನೆ. ಈಗ ನಮ್ಮ ಕಾಸರಗೋಡಿನ ಕನ್ನಡ ಮನೆಗಳ ಮಕ್ಕಳೂ ಒಂದು ಸೆಮಿಸ್ಟರಿನ ಓದಿಗಾಗಿ ಪರದೇಶಗಳಿಗೆ ಹೋಗಿ ಬರುತ್ತಿದ್ದಾರೆ. ಅವರನ್ನು ಕಳುಹಿಸುವ ಸಿದ್ಧತೆಯನ್ನು ನಾವು ತಿಂಗಳುಗಟ್ಟಲೆ ಮಾಡುತ್ತೇವೆ. ಆದರೆ ಅಲ್ಲಿಂದ ಹೊರಡುವಾಗ ಆ ಊರನ್ನು, ಆ ಜನರನ್ನು ಹೇಗೆ ಬೀಳ್ಕೊಳ್ಳಬೇಕು ಎಂಬುದನ್ನು ಯಾರೂ ಕಲಿಸುವುದಿಲ್ಲ. ಇದು ಕಲಿಸಬೇಕಾದ ಪಾಠವೆಂದೂ, ಇದರ ಮೊದಲ ತರಗತಿ ನಮ್ಮ ಶಾಲೆಯಂತಹ ಸಣ್ಣ ಶಾಲೆಯಲ್ಲಿಯೇ ನಡೆಯಬೇಕೆಂದೂ ನನ್ನ ಅಭಿಪ್ರಾಯ.

ಮೊದಲಿಗೆ ಶಬ್ದವನ್ನೇ ನೋಡೋಣ. ಕನ್ನಡದಲ್ಲಿ ಎರಡು ಕ್ರಿಯಾಪದಗಳಿವೆ. ಹೋಗುವವನಿಗೆ ಅನುಮತಿಯಿತ್ತು ಕಳುಹಿಸುವುದು ಬೀಳ್ಕೊಡುವುದು. ಹೋಗುವವನು ತಾನಾಗಿ ಅನುಮತಿ ಬೇಡಿ ಪಡೆಯುವುದು ಬೀಳ್ಕೊಳ್ಳುವುದು. ಒಂದು ಕೊಡುವ ಕೆಲಸ, ಇನ್ನೊಂದು ಕೊಳ್ಳುವ ಕೆಲಸ. ನಮ್ಮ ಹಿರಿಯರು ಇವೆರಡನ್ನೂ ಬೇರೆ ಬೇರೆಯಾಗಿ ಹೆಸರಿಸಿದರೆಂದರೆ, ಒಂದು ಅಗಲಿಕೆ ಪೂರ್ಣವಾಗಲು ಇಬ್ಬರ ಪಾಲೂ ಬೇಕೆಂದು ಅವರು ತಿಳಿದಿದ್ದರೆಂದೇ ಅರ್ಥ. ಇಂದು ನಮ್ಮಲ್ಲಿ ಉಳಿದಿರುವುದು ಮೊದಲನೆಯದು ಮಾತ್ರ. ಮಾರ್ಚ್ ತಿಂಗಳ ಕೊನೆಯಲ್ಲಿ ಬೀಳ್ಕೊಡುಗೆ ಸಮಾರಂಭ ನಡೆಯುತ್ತದೆ. ಹಾರ, ಭಾಷಣ, ಲಘು ಉಪಾಹಾರ, ಛಾಯಾಚಿತ್ರ ಎಲ್ಲವೂ ಇರುತ್ತವೆ. ಹೋಗುವ ಮಕ್ಕಳು ಬೆಂಚಿನ ಮೇಲೆ ಸುಮ್ಮನೆ ಕುಳಿತಿರುತ್ತಾರೆ. ಪರದೇಶದ ವಿಶ್ವವಿದ್ಯಾನಿಲಯದಲ್ಲಿಯಾದರೋ ಆರು ತಿಂಗಳ ಅತಿಥಿಗೆ ಹಾರ ಹಾಕಿ ಭಾಷಣ ಮಾಡುವವರನ್ನು ನಿರೀಕ್ಷಿಸುವಂತಿಲ್ಲ. ಅಲ್ಲಿ ಬೀಳ್ಕೊಳ್ಳುವ ವಿದ್ಯೆ ತಿಳಿಯದವನು ಬೀಗದ ಕೈಯನ್ನು ಒಪ್ಪಿಸಿ ಕಳ್ಳನಂತೆ ಹೊರಡಬೇಕಾಗುತ್ತದೆ.

ಪರರ ನಾಡಿಗೆ ಹೋಗಿ ಓದಿ ಬಂದ ವಿದ್ಯಾರ್ಥಿಯೆಂದರೆ ನಮ್ಮ ಪುರಾಣದ ಕಚನೇ. ಪಾರ್ತಿಸುಬ್ಬನ ನಾಡಾದ ಕುಂಬಳೆ ಸೀಮೆಯ ನಮಗೆ ಅವನ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ದೇವಗುರುವಿನ ಮಗನಾದ ಅವನು ಸಂಜೀವಿನಿ ವಿದ್ಯೆಗಾಗಿ ಅಸುರರ ರಾಜಧಾನಿಗೆ ಹೋದನು, ಶುಕ್ರಾಚಾರ್ಯರ ಶಿಷ್ಯನಾದನು, ಅಸುರರ ಕೈಯಲ್ಲಿ ಮೂರು ಸಲ ಸತ್ತು ಬದುಕಿದನು. ತಾಳಮದ್ದಳೆಯಲ್ಲಿ ಅರ್ಥಧಾರಿಗಳ ಸತ್ತ್ವ ಪರೀಕ್ಷೆಯಾಗುವುದು ಅವನು ಸತ್ತು ಬದುಕುವ ಭಾಗದಲ್ಲಲ್ಲ, ಹೊರಡುವ ಭಾಗದಲ್ಲಿ. ಅವಧಿ ತೀರಿದ ಮೇಲೆ ಕಚನು ಗುರುವಿನ ಅಪ್ಪಣೆಯನ್ನು ಪಡೆದನು, ಅಲ್ಲಿ ಲೋಪವಿಲ್ಲ. ತೊಡಕಾದುದು ದೇವಯಾನಿಯ ಎದುರಿನಲ್ಲಿ. ಅವನಿಗಾಗಿ ತಂದೆಯನ್ನು ಬೇಡಿ ಮತ್ತೆ ಮತ್ತೆ ಜೀವ ಕೊಡಿಸಿದವಳು ಅವಳು. ಅವಳಿಗೆ ಅದು ಜೀವನವಿಡೀ ನಿಲ್ಲಬೇಕಾದ ಬಾಂಧವ್ಯ. ಅವನಿಗೆ ಅದು ಮುಗಿದ ವಿದ್ಯಾಭ್ಯಾಸ. ಗುರುವಿನ ಉದರದಿಂದ ಹೊರಬಂದ ತಾನು ಅವಳಿಗೆ ಸೋದರನೆಂದು ಕಚನು ವಾದಿಸಿದನು. ವಾದ ಶುದ್ಧವಾಗಿತ್ತು, ಆದರೆ ಕೊನೆಯ ದಿನಕ್ಕೆ ಬಂತು. ಪರಿಣಾಮವಾಗಿ ಇಬ್ಬರೂ ಶಪಿಸಿಕೊಂಡು ಅಗಲಿದರು.

ಈ ಕಥೆಯಿಂದ ನಾನು ಎರಡು ಮಾತುಗಳನ್ನು ಕಲಿತಿದ್ದೇನೆ. ಗುರುವಿನ ಅಪ್ಪಣೆಯೊಂದೇ ಬೀಳ್ಕೊಳ್ಳುವಿಕೆಯಲ್ಲ. ವಿಶ್ವವಿದ್ಯಾನಿಲಯವು ಅಂಕಪಟ್ಟಿಯನ್ನು ಕೊಟ್ಟಿತೆಂದ ಮಾತ್ರಕ್ಕೆ ಲೆಕ್ಕ ತೀರುವುದಿಲ್ಲ. ಅಲ್ಲಿ ನಮ್ಮನ್ನು ಬದುಕಿಸಿದವರ ಲೆಕ್ಕ ಬೇರೆಯೇ ಇರುತ್ತದೆ. ಎರಡನೆಯದಾಗಿ, ತಾನು ಹೋಗುವವನೆಂಬ ಸತ್ಯವನ್ನು ಹೋಗುವವನು ಮೊದಲಿನಿಂದಲೇ ತಿಳಿಸಿರಬೇಕು. ನಮ್ಮ ಮಕ್ಕಳು ಆರು ತಿಂಗಳಿಗೆಂದು ಹೋಗಿ ಅಲ್ಲಿ ಸ್ನೇಹವನ್ನೋ ಪ್ರೀತಿಯನ್ನೋ ಬೆಳೆಸಿಕೊಂಡರೆ ಅದು ತಪ್ಪಲ್ಲ. ಕೊನೆಯ ದಿನದವರೆಗೆ ಮಾತನ್ನು ನುಂಗಿಕೊಂಡಿದ್ದು, ವಿಮಾನ ನಿಲ್ದಾಣದಲ್ಲಿ ನ್ಯಾಯ ಹೇಳುವುದು ತಪ್ಪು. ಹಾಗೆಂದು ಕಚನನ್ನು ನಾನು ಅಲ್ಲಗಳೆಯುವವನಲ್ಲ. ಕಲಿತ ವಿದ್ಯೆ ನಿನಗೆ ಫಲಿಸದಿರಲಿ ಎಂಬ ಶಾಪಕ್ಕೆ, ನನಗೆ ಫಲಿಸದಿದ್ದರೂ ನಾನು ಯಾರಿಗೆ ಕಲಿಸುವೆನೋ ಅವರಿಗೆ ಫಲಿಸಲಿ ಎಂದುಕೊಂಡು ಅವನು ಹೊರಟನು. ಅಧ್ಯಾಪಕನಾದವನಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ.

ಪುರಾಣ ಬೇಡ, ಚರಿತ್ರೆ ಬೇಕು ಎನ್ನುವವರಿಗೆ ಗಾಂಧೀಜಿಯವರ ಉದಾಹರಣೆಯಿದೆ. 1888ರಲ್ಲಿ ತಾಯಿಗೆ ಮೂರು ವಚನಗಳನ್ನು ಕೊಟ್ಟು, ಅವರಿಂದ ಬೀಳ್ಕೊಂಡು ಲಂಡನ್ನಿಗೆ ಹೋದ ಆ ತರುಣ, 1891ರ ಜೂನ್ ತಿಂಗಳಲ್ಲಿ ಬ್ಯಾರಿಸ್ಟರ್ ಆಗಿ, 12ರಂದು ಹಡಗು ಹತ್ತಿದರು. ಹೊರಡುವ ಮುನ್ನ ಅಲ್ಲಿನ ಸಸ್ಯಾಹಾರಿ ಮಿತ್ರರನ್ನು ಹಾಲ್ಬರ್ನ್ ಉಪಾಹಾರ ಮಂದಿರಕ್ಕೆ ಕರೆದು ತಾವೇ ಔತಣವಿತ್ತರು. ವಿನೋದವಾಗಿ ಮಾತನಾಡಬೇಕೆಂದು ಭಾಷಣವನ್ನು ಸಿದ್ಧಪಡಿಸಿಕೊಂಡಿದ್ದರೂ ಮೊದಲನೆಯ ವಾಕ್ಯದಿಂದ ಮುಂದಕ್ಕೆ ಸಾಗಲಾರದೆ ವಂದನೆಯನ್ನಷ್ಟೇ ಸಲ್ಲಿಸಿ ಕುಳಿತುಬಿಟ್ಟುದಾಗಿ ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಜನರು ಇದನ್ನು ಸಂಕೋಚದ ಕಥೆಯೆಂದು ಓದುತ್ತಾರೆ. ನಾನು ಇದನ್ನು ಬೀಳ್ಕೊಳ್ಳುವಿಕೆಯ ಮಾದರಿಯೆಂದು ಓದುತ್ತೇನೆ. ಮಾತು ತಡೆದರೂ ಕ್ರಿಯೆ ತಡೆಯಲಿಲ್ಲ. ತಮ್ಮನ್ನು ಯಾರಾದರೂ ಬೀಳ್ಕೊಡುವರೆಂದು ಕಾಯದೆ, ಹೋಗುವವರೇ ಆತಿಥೇಯರಾದರು. ಮುಂಬಯಿಯಲ್ಲಿ ಇಳಿದಾಗ ಅವರಿಗೆ ಕಾದಿದ್ದುದು, ಅಣ್ಣ ಅದುವರೆಗೆ ಮುಚ್ಚಿಟ್ಟಿದ್ದ ತಾಯಿಯ ಮರಣದ ವಾರ್ತೆ. ಮೂರು ವರ್ಷಗಳ ಹಿಂದೆ ಅವರನ್ನು ಬೀಳ್ಕೊಟ್ಟ ಜೀವ ಎದುರುಗೊಳ್ಳಲು ಇರಲಿಲ್ಲ. ಪ್ರತಿಯೊಂದು ಬೀಳ್ಕೊಳ್ಳುವಿಕೆಯನ್ನೂ ಕೊನೆಯದೆಂಬಷ್ಟು ಶ್ರದ್ಧೆಯಿಂದ ಮಾಡಬೇಕೆನ್ನುವುದು ಇದಕ್ಕಾಗಿಯೇ.

ಡಾಕ್ಟರ್ ಅಂಬೇಡ್ಕರರ ಕಥೆ ಇನ್ನೊಂದು ಬಗೆಯದು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ಮುಗಿದುದರಿಂದ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೇ ನಿಲ್ಲಿಸಿ ಅವರು ಮರಳಬೇಕಾಯಿತು. ಬೇರೆ ಹಡಗಿನಲ್ಲಿ ಕಳುಹಿಸಿದ್ದ ಅವರ ಪುಸ್ತಕಗಳು ಯುದ್ಧದ ದೆಸೆಯಿಂದ ಸಮುದ್ರದ ಪಾಲಾದವು. ಆದರೆ ಹೊರಡುವಾಗ ಅವರು ನಾಲ್ಕು ವರ್ಷಗಳೊಳಗೆ ಮರಳಿ ಬಂದು ಅಧ್ಯಯನವನ್ನು ಮುಂದುವರಿಸಲು ಅನುಮತಿ ಪಡೆದಿದ್ದರು. 1920ರಲ್ಲಿ ಮರಳಿ ಹೋದರು, 1923ರಲ್ಲಿ ಡಿ.ಎಸ್‌ಸಿ. ಪದವಿಯನ್ನು ಪಡೆದರು. ಕ್ರಮವಾಗಿ ಬೀಳ್ಕೊಂಡವನಿಗೆ ಬಾಗಿಲು ಮುಚ್ಚುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಇನ್ನು ಇಂದಿನ ಸೆಮಿಸ್ಟರಿನ ವಿಚಾರ. ಯುರೋಪಿನ ದೇಶಗಳು 1987ರಲ್ಲಿ ಎರಾಸ್ಮಸ್ ಎಂಬ ಯೋಜನೆಯನ್ನು ಆರಂಭಿಸಿದವು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ನೆರೆಯ ದೇಶಗಳಿಗೆ ಹೋಗಿ ಓದಿದರು. ಊರಿಂದೂರಿಗೆ ಸಂಚರಿಸಿ ಓದಿ ಬರೆದ ರೋಟರ್‌ಡ್ಯಾಮಿನ ಪಂಡಿತ ಎರಾಸ್ಮಸನ ಹೆಸರು ಅದಕ್ಕೆ ತಕ್ಕುದೇ ಆಗಿದೆ. ಒಂದು ಸೆಮಿಸ್ಟರಿಗೆ 30 ಕ್ರೆಡಿಟ್ ಎಂಬ ಅಲ್ಲಿಯ ಲೆಕ್ಕದಿಂದಾಗಿ, ಒಂದು ದೇಶದಲ್ಲಿ ಓದಿದುದನ್ನು ಇನ್ನೊಂದು ದೇಶದಲ್ಲಿ ಎಣಿಸಿಕೊಳ್ಳುವುದು ಸುಲಭವಾಯಿತು. ಇಂದು ಇಂತಹ ವಿನಿಮಯ ನಮ್ಮ ಕಾಲೇಜುಗಳವರೆಗೂ ಬಂದಿದೆ.

ನನ್ನ ಮೊಮ್ಮಗಳು ಹೀಗೆಯೇ ಜರ್ಮನಿಯಲ್ಲಿ ಒಂದು ಚಳಿಗಾಲದ ಸೆಮಿಸ್ಟರನ್ನು ಓದಿದಳು. ಅಲ್ಲಿ ಅದು ಅಕ್ಟೋಬರಿನಲ್ಲಿ ತೊಡಗುತ್ತದೆ. ಫೆಬ್ರವರಿಯಲ್ಲಿ ಪಾಠಗಳು ಮುಗಿದು ಪರೀಕ್ಷೆಗಳು ಬರುತ್ತವೆ. ಹೊರಡುವ ಮುನ್ನ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಅವಳು ನನಗೆ ಓದಿ ಹೇಳಿದಳು. ಊರಿನ ಕಛೇರಿಗೆ ಹೋಗಿ, ನಾನು ಇನ್ನು ಈ ವಿಳಾಸದಲ್ಲಿರುವುದಿಲ್ಲ ಎಂದು ಬರೆಸಬೇಕು. ಮನೆ ಬಿಡುವ ಒಂದು ವಾರಕ್ಕಿಂತ ಮುಂಚೆ ಬರೆಸುವಂತಿಲ್ಲ, ಬಿಟ್ಟು ಎರಡು ವಾರ ಮೀರುವಂತಿಲ್ಲ. ಗ್ರಂಥಾಲಯದ ಪುಸ್ತಕಗಳನ್ನು ಹಿಂತಿರುಗಿಸಬೇಕು. ಕೋಣೆಯನ್ನು ಬಂದಾಗ ಇದ್ದಂತೆ ಒಪ್ಪಿಸಿದರೆ ಮುಂಗಡದ ಹಣ ಹಿಂದಕ್ಕೆ ಬರುತ್ತದೆ. ಬ್ಯಾಂಕಿನ ಖಾತೆಯನ್ನು ಮುಚ್ಚಬೇಕು. ಇಷ್ಟನ್ನು ಕೇಳಿ ನನಗೆ ಸಂತೋಷವೇ ಆಯಿತು. ಒಂದು ಸರಕಾರವು ಬರುವವರಿಂದಷ್ಟೇ ಅಲ್ಲ, ಹೋಗುವವರಿಂದಲೂ ಹೇಳಿ ಹೋಗುವ ಮರ್ಯಾದೆಯನ್ನು ಅಪೇಕ್ಷಿಸುತ್ತದೆ!

ಆದರೆ ಪಟ್ಟಿಯಲ್ಲಿ ಮನುಷ್ಯರು ಇರಲಿಲ್ಲ. ಅವಳ ತಂದೆ ಪರೀಕ್ಷೆಯ ಮರುದಿನಕ್ಕೇ ವಿಮಾನದ ಟಿಕೆಟು ತೆಗೆಯಲು ಹೊರಟಿದ್ದನು. ಒಂದು ದಿನ ಹೆಚ್ಚು ನಿಂತರೆ ಒಂದು ದಿನದ ಖರ್ಚು ಎಂಬುದು ಅವನ ಲೆಕ್ಕ. "ಅಪ್ಪಾ, ಐದು ದಿನ ಬೇಕು" ಎಂದು ಅವಳು ಹಟ ಹಿಡಿದಳು. ಆ ಐದು ದಿನಗಳಲ್ಲಿ ಅವಳು ಮಾಡಿದುದು ಇಷ್ಟೆ: ಜೊತೆಯಲ್ಲಿ ವಾಸವಿದ್ದ ನಾಲ್ವರಿಗೆ ನೀರುದೋಸೆ ಹೊಯ್ದು ಬಡಿಸಿದಳು, ಭಾಷೆ ಬಾರದ ಮೊದಲ ವಾರ ಬಸ್ಸಿನ ದಾರಿ ತೋರಿಸಿದ ಕೆಳಮನೆಯ ಅಜ್ಜಿಯ ಬಳಿ ಕುಳಿತು ಕಾಫಿ ಕುಡಿದಳು, ಗ್ರಂಥಾಲಯದ ಮೇಜಿನಲ್ಲಿದ್ದ ನೌಕರನಿಗೆ ಹೆಸರು ಹಿಡಿದು ವಂದಿಸಿದಳು, ಉಳಿದ ಅಕ್ಕಿ, ಬಾಣಲೆ, ಕಂಬಳಿಗಳನ್ನು ಹೊಸದಾಗಿ ಬರುವ ಹುಡುಗಿಗೆಂದು ಕಟ್ಟಿಟ್ಟಳು. ಐದು ದಿನಗಳ ಆ ಖರ್ಚು ಇಡೀ ಸೆಮಿಸ್ಟರಿನ ಶುಲ್ಕಕ್ಕಿಂತ ಸಾರ್ಥಕವಾದುದೆಂದು ನನ್ನ ನಂಬಿಕೆ.

ಈ ಕಾಲದಲ್ಲಿ ಅಗಲಿಕೆಯೆಂಬುದೇ ಇಲ್ಲ, ಮೊಬೈಲಿನಲ್ಲಿ ದಿನವೂ ಮುಖ ನೋಡಬಹುದು, ಹೀಗಿರುವಾಗ ಇಷ್ಟೆಲ್ಲ ಏಕೆ ಎಂದು ತರುಣರು ಕೇಳಬಹುದು. ಮುಖವನ್ನು ನೋಡಬಹುದು, ಒಪ್ಪಿದೆ. ಆದರೆ ಕೆಳಮನೆಯ ಅಜ್ಜಿಯೂ ಗ್ರಂಥಾಲಯದ ನೌಕರನೂ ಯಾರ ಮೊಬೈಲಿನಲ್ಲಿಯೂ ಇರುವುದಿಲ್ಲ. ನಮಗೆ ಹೆಚ್ಚು ಉಪಕಾರ ಮಾಡಿದವರು ಅನೇಕ ವೇಳೆ ಅಂತಹವರೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನಮ್ಮಲ್ಲಿದೆ. ಅದು ಉಪದೇಶವಲ್ಲ, ಛೀಮಾರಿ.

ಬೀಳ್ಕೊಳ್ಳುವ ಅವಕಾಶವೇ ಇಲ್ಲವಾದಾಗ ಏನಾಗುತ್ತದೆಂಬುದನ್ನೂ ನಾವು ನೋಡಿದ್ದೇವೆ. 2020ರ ಮಾರ್ಚ್ ತಿಂಗಳಲ್ಲಿ ಲೋಕದ ವಿಶ್ವವಿದ್ಯಾನಿಲಯಗಳು ಬಾಗಿಲು ಹಾಕಿದವು. ಪರದೇಶಗಳಲ್ಲಿದ್ದ ವಿದ್ಯಾರ್ಥಿಗಳು ಸಿಕ್ಕಿದ ವಿಮಾನ ಹತ್ತಿದರು, ವಿಮಾನ ಸಿಗದವರು ಅಲ್ಲಿಯೇ ಉಳಿದರು. ನಮಗಂತೂ ದೂರದ ದೇಶವೇ ಬೇಕಾಗಿರಲಿಲ್ಲ. ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನಲ್ಲಿ ಓದುತ್ತಿದ್ದ ನಮ್ಮ ಮಕ್ಕಳಿಗೆ ಅದೇ ಪರದೇಶವಾಯಿತು. 2022ರ ಫೆಬ್ರವರಿಯಲ್ಲಿ ಯುಕ್ರೇನಿನ ಮೇಲೆ ಯುದ್ಧ ಬಂದಾಗ ಭಾರತದ ಸಾವಿರಾರು ವೈದ್ಯಕೀಯ ವಿದ್ಯಾರ್ಥಿಗಳು ಗಂಟುಮೂಟೆ ಬಿಟ್ಟು ಓಡಿಬರಬೇಕಾಯಿತು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬನು ಶೆಲ್ ದಾಳಿಗೆ ಬಲಿಯಾದನು. ಮರಳಿ ಬಂದವರೂ ತಮ್ಮ ಗುರುಗಳಿಗೆ, ಸಹಪಾಠಿಗಳಿಗೆ ಒಂದು ಮಾತು ಹೇಳಿ ಬಂದವರಲ್ಲ. ಶಾಂತಿಯ ಕಾಲದಲ್ಲಿ ಹೇಳಿ ಹೊರಡುವುದು ಎಂತಹ ಭಾಗ್ಯವೆಂದು ಅವರನ್ನು ಕೇಳಬೇಕು.

ಗಡಿನಾಡಿನವರಾದ ನಮಗೆ ಈ ವಿದ್ಯೆ ಇನ್ನಷ್ಟು ಅಗತ್ಯ. 1956ರ ನವೆಂಬರ್ 1ರಂದು ನಾವು ಕುಳಿತಲ್ಲಿಂದ ಏಳದೆಯೇ ಇನ್ನೊಂದು ರಾಜ್ಯದವರಾದೆವು. ಅಂದಿನಿಂದ ನಮ್ಮ ಮಕ್ಕಳು ಓದಿಗೂ ಉದ್ಯೋಗಕ್ಕೂ ಗಡಿಯನ್ನು ದಾಟುತ್ತಲೇ ಇದ್ದಾರೆ. ಹೋದವರಲ್ಲಿ ಕೆಲವರು ಶಾಲೆಯ ಹೆಸರು ಕೇಳಿದರೆ ಕಣ್ಣರಳಿಸುತ್ತಾರೆ. ಕೆಲವರು ಕನ್ನಡ ಮಾಧ್ಯಮದಲ್ಲಿ ಓದಿದುದನ್ನೇ ಮರೆಮಾಚುತ್ತಾರೆ. ಈ ವ್ಯತ್ಯಾಸಕ್ಕೆ ಅನೇಕ ಕಾರಣಗಳಿರಬಹುದು. ಮೂರು ದಶಕಗಳಿಗೂ ಮಿಕ್ಕಿದ ಅಧ್ಯಾಪನದಲ್ಲಿ ನಾನು ಕಂಡ ಒಂದು ಕಾರಣವನ್ನು ಹೇಳುತ್ತೇನೆ: ಹೋಗುವ ದಿನ ತಾನು ಏನನ್ನು ಪಡೆದೆನೆಂದು ತನ್ನ ಬಾಯಿಂದಲೇ ಹೇಳಿ ಹೋದ ಮಗು ಮರಳಿ ಬರುತ್ತದೆ. ವರ್ಗಾವಣೆ ಪತ್ರವನ್ನು ಕಿಸೆಗೆ ಹಾಕಿಕೊಂಡು ಹೋದ ಮಗುವಿಗೆ ಮರಳಲು ದಾರಿಯಿರುವುದಿಲ್ಲ. ಐವತ್ತು ವರ್ಷ ತುಂಬಿದ ಶಾಲೆ ಮುಂದಿನ ಐವತ್ತನ್ನು ಕಾಣಬೇಕಾದರೆ ಇಂತಹ ದಾರಿಗಳು ತೆರೆದಿರಬೇಕು. ಹಳೆವಿದ್ಯಾರ್ಥಿಗಳು ತಮ್ಮ ಮಕ್ಕಳ ಕೈಹಿಡಿದು ಇದೇ ಅಂಗಳಕ್ಕೆ ಬರಬೇಕು.

ಆದುದರಿಂದ ನನ್ನ ಕೆಲವು ಸಲಹೆಗಳು. ಏಳನೆಯ ತರಗತಿಯ ಬೀಳ್ಕೊಡುಗೆಯಲ್ಲಿ ಅತಿಥಿಗಳ ಭಾಷಣವನ್ನು ಒಂದಕ್ಕೆ ಇಳಿಸಿ, ಪ್ರತಿಯೊಂದು ಮಗುವಿಗೂ ಎರಡು ವಾಕ್ಯ ಹೇಳಲು ಅವಕಾಶವಿರಲಿ. ಅಡುಗೆಯವರಿಗೂ ಜವಾನರಿಗೂ ಮಕ್ಕಳು ಹೋಗಿ ಹೇಳಿ ಬರಲಿ. ಎರವಲು ಪುಸ್ತಕ ಹಿಂದೆ ಬಂದ ಮೇಲೆಯೇ ಸಿಹಿ ಹಂಚಲಿ. ಪರದೇಶಕ್ಕೆ ಮಕ್ಕಳನ್ನು ಕಳುಹಿಸುವ ತಂದೆತಾಯಂದಿರು ಕೊನೆಯ ಪರೀಕ್ಷೆಗೂ ವಿಮಾನಕ್ಕೂ ನಡುವೆ ನಾಲ್ಕೈದು ದಿನಗಳನ್ನು ಬಿಡಲಿ. ಹೋಗುವ ಮಕ್ಕಳು ಮತ್ತೆ ಬರುವೆನೆಂದು ಎಲ್ಲರಿಗೂ ವಚನ ಕೊಡದಿರಲಿ; ಬರಲಾರದವನು ವಂದನೆಯನ್ನು ಹೇಳಿದರೆ ಸಾಕು, ಸುಳ್ಳು ಹೇಳಬೇಕಿಲ್ಲ.

ನಮ್ಮಲ್ಲಿ ಮನೆಯಿಂದ ಹೊರಡುವವರು "ಹೋಗುತ್ತೇನೆ" ಎನ್ನುವುದಿಲ್ಲ, "ಹೋಗಿ ಬರುತ್ತೇನೆ" ಎನ್ನುತ್ತಾರೆ. ತುಳುವರು "ಪೋದು ಬರ್ಪೆ" ಎನ್ನುತ್ತಾರೆ, ಮಲಯಾಳಿಗಳು "ಪೋಯಿಟ್ಟು ವರಾಂ" ಎನ್ನುತ್ತಾರೆ. ಜರ್ಮನರ ಬೀಳ್ಕೊಳ್ಳುವ ಮಾತಿಗೂ ಮತ್ತೆ ಕಾಣುವವರೆಗೆ ಎಂದೇ ಅರ್ಥವೆಂದು ಮೊಮ್ಮಗಳು ಹೇಳಿದಳು. ಇಷ್ಟು ಭಾಷೆಗಳು ಒಮ್ಮತದಿಂದ ಹೇಳುವ ಮಾತಿನಲ್ಲಿ ಸತ್ಯವಿರಲೇಬೇಕು. ಶಾಲೆಯ ಸುವರ್ಣ ಮಹೋತ್ಸವಕ್ಕೆ ನನ್ನ ಹೃತ್ಪೂರ್ವಕ ಶುಭಾಶಯಗಳು. ಇಲ್ಲಿಂದ ಹೊರಡುವ ಪ್ರತಿಯೊಂದು ಮಗುವೂ ಹೇಳಿ ಹೊರಡಲಿ. ಹೋದಲ್ಲಿಂದಲೂ ಹೇಳಿಯೇ ಹೊರಡಲಿ.

— ನಿವೃತ್ತ ಮುಖ್ಯೋಪಾಧ್ಯಾಯ