ಉತ್ತರ ಯಾರಿಗೆ ಸಿಗಬೇಕು?

ದುಡ್ಡು ಕೊಟ್ಟು ಕೊಂಡ ತಂತ್ರಾಂಶ ಕೈಕೊಟ್ಟರೆ ಕಂಪನಿಗೆ ಫೋನ್ ಹಚ್ಚಿ ತರಾಟೆಗೆ ತೆಗೆದುಕೊಳ್ಳಬಹುದು. ಮುಕ್ತ ತಂತ್ರಾಂಶ ಬಳಸುವವರಿಗೆ ಆ ಸುಖವಿಲ್ಲ. ಅಲ್ಲಿ ಒಬ್ಬ ಬಳಕೆದಾರನಿಗೆ ಇನ್ನೊಬ್ಬ ಬಳಕೆದಾರನೇ ಗತಿ. ಹಾಗಾಗಿ ಇವರಿಬ್ಬರೂ ಎಲ್ಲಿ ಸಂಧಿಸಬೇಕು ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ಹಳೆಯ ದಾರಿ ಮೇಲಿಂಗ್ ಲಿಸ್ಟ್: ಒಂದು ವಿಳಾಸಕ್ಕೆ ಬರೆದ ಪತ್ರ ಸದಸ್ಯರೆಲ್ಲರ ಇನ್‌ಬಾಕ್ಸ್‌ಗೆ ಹೋಗುತ್ತದೆ. ಇನ್ನೊಂದು ಫೋರಂ: ಪ್ರಶ್ನೆ ಒಂದು ಜಾಲತಾಣದಲ್ಲಿ ನಿಂತಿರುತ್ತದೆ, ಬೇಕಾದವರು ಅಲ್ಲಿಗೇ ಹೋಗಿ ಓದಬೇಕು.

ರಾಯಬಾಗ ತಾಲ್ಲೂಕಿನ ಪಾಲಬಾವಿಯಲ್ಲಿ ಒಂದು ಡಿಟಿಪಿ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ಯಾರೋ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ ಲಗ್ನಪತ್ರಿಕೆಯನ್ನು ಅಂಗಡಿಯವನು ಲಿಬ್ರೆಆಫೀಸ್‌ನಲ್ಲಿ ತೆರೆಯುತ್ತಾನೆ. ‘ಕನ್ನಡ’ ಎಂದಿರಬೇಕಾದಲ್ಲಿ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಪಕ್ಕದಲ್ಲಿ ಬ್ರಿಟಿಷ್ ಪೌಂಡಿನ ಗುರುತು! ಕಾರಣ ಸರಳ. ಆ ಫಾಂಟುಗಳು ರೋಮನ್ ಲಿಪಿಯ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಗಣಕದಲ್ಲಿ ಮೂಲ ಸಂಕೇತಗಳೇ ಕಾಣುತ್ತವೆ. ಪರಿಹಾರವೂ ಎರಡು ಸಾಲಿನದು: ಆ ಫಾಂಟ್ ಹಾಕಿಕೊಳ್ಳಿ, ಇಲ್ಲವೇ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಈ ಉತ್ತರವನ್ನು ಬಲ್ಲವರು ಎಷ್ಟೋ ಸಲ ಕೊಟ್ಟಿದ್ದಾರೆ. ಅದು ಪಾಲಬಾವಿಯ ಅಂಗಡಿಗೆ ಮುಟ್ಟುತ್ತದೆಯೇ ಎಂಬುದಷ್ಟೇ ನಮ್ಮ ಚರ್ಚೆ.

ಮೇಲಿಂಗ್ ಲಿಸ್ಟನ್ನು ಹಳೇ ಕಾಲದ್ದೆಂದು ತಳ್ಳಿಹಾಕುವಂತಿಲ್ಲ. ಲಿನಕ್ಸ್ ಕರ್ನೆಲ್‌ನ ಕೆಲಸ ಇಂದಿಗೂ ಬಹುಪಾಲು ಇಮೇಲ್‌ನಲ್ಲೇ ನಡೆಯುತ್ತದೆ. ಪತ್ರ ತಾನಾಗಿ ಬಂದು ಬೀಳುತ್ತದೆ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದಾಗಲೂ ಓದಬಹುದು. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ ಪ್ರತಿಯೊಬ್ಬ ಸದಸ್ಯನ ಬಳಿಯೂ ಒಂದು ಪ್ರತಿ ಉಳಿಯುತ್ತದೆ. ಯಾಹೂ ಗ್ರೂಪ್ಸ್ 2019ರ ಕೊನೆಯಲ್ಲಿ ತಾಣದಲ್ಲಿದ್ದ ಹಳೆಯ ಬರಹಗಳನ್ನು ತೆಗೆದು, 2020ರ ಡಿಸೆಂಬರ್‌ನಲ್ಲಿ ಪೂರ್ತಿ ಬಾಗಿಲು ಹಾಕಿತು. ಆಗ ಅನೇಕ ಬಳಗಗಳ ವರ್ಷಗಟ್ಟಲೆಯ ಮಾತುಕತೆ ಉಳಿದಿದ್ದರೆ ಅದು ಸದಸ್ಯರ ಇನ್‌ಬಾಕ್ಸ್‌ಗಳಲ್ಲಿ.

ಆದರೆ ಲಿಸ್ಟ್ ಒಳಗಿದ್ದವರಿಗೆ ಚೆಂದ. ಹೊಸಬನು ಮೊದಲು ಸದಸ್ಯನಾಗಬೇಕು, ತನಗೆ ಸಂಬಂಧಿಸದ ಪತ್ರಗಳನ್ನು ಸಹಿಸಬೇಕು, ಹಳೆಯ ಉತ್ತರ ಬೇಕಾದರೆ ‘ರಿ: ರಿ:’ ಎಂಬ ಸರಪಳಿಯನ್ನು ಬಿಡಿಸಬೇಕು. ಫೋರಂನಲ್ಲಿ ಹುಡುಕಿದರೆ ಸಾಕು. 2010ರಲ್ಲಿ ಶುರುವಾದ ಆಸ್ಕ್ ಉಬುಂಟು ತಾಣದಲ್ಲಿ ಓದುಗರು ಮೆಚ್ಚಿದ ಉತ್ತರ ಮೇಲೇರುತ್ತದೆ. ಗ್ನೋಮ್ ಯೋಜನೆ 2022ರಲ್ಲಿ ತನ್ನ ಲಿಸ್ಟ್‌ಗಳನ್ನೇ ನಿಲ್ಲಿಸಿ ಡಿಸ್ಕೋರ್ಸ್ ಎಂಬ ಫೋರಂ ತಂತ್ರಾಂಶಕ್ಕೆ ಬಂತು.

ಹಾಗಾದರೆ ಫೋರಂ ಗೆದ್ದಿತೇ? ಇಂಗ್ಲಿಷಿನ ಲೆಕ್ಕವನ್ನು ಕನ್ನಡಕ್ಕೆ ಹಾಗೇ ತರಲಾಗದು. ನಮ್ಮಲ್ಲಿ ಉತ್ತರ ಹೇಳಬಲ್ಲವರು ಕಡಿಮೆ; ಅವರೂ ನೌಕರಿ, ಸಂಸಾರದ ನಡುವೆ ಬಿಡುವು ಮಾಡಿಕೊಂಡವರು. ದಿನಾ ಫೋರಂಗೆ ಹೋಗಿ ಇಣುಕಿ ನೋಡಿ ಎಂದರೆ ನಾಲ್ಕು ದಿನ ನೋಡಿ ಮರೆಯುತ್ತಾರೆ. ಉತ್ತರವಿಲ್ಲದ ಪ್ರಶ್ನೆ ತಿಂಗಳುಗಟ್ಟಲೆ ಅನಾಥವಾಗಿ ನಿಂತ ಫೋರಂಗೆ ಹೊಸಬ ಎರಡನೇ ಸಲ ಕಾಲಿಡುವುದಿಲ್ಲ. ಕರ್ನಾಟಕದ ಪ್ರೌಢಶಾಲಾ ಶಿಕ್ಷಕರಿಗಾಗಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಕಟ್ಟಿದ ವಿಷಯ ಶಿಕ್ಷಕರ ವೇದಿಕೆ ಮೇಲಿಂಗ್ ಲಿಸ್ಟ್‌ಗಳನ್ನು ಆರಿಸಿಕೊಂಡದ್ದರಲ್ಲಿ ವಿವೇಕವಿತ್ತು. ಉಬುಂಟು, ಗಣಿತ ಕಲಿಸುವ ಜಿಯೋಜೀಬ್ರಾ ಮುಂತಾದ ತಂತ್ರಾಂಶ ಕಲಿಯುತ್ತಿದ್ದ ಮೇಷ್ಟ್ರು ಒಂದು ಪತ್ರ ಬರೆದರೆ ಅದು ದೂರದ ಜಿಲ್ಲೆಗಳ ಗಣಿತದ ಮೇಷ್ಟ್ರುಗಳ ಕಣ್ಣಿಗೂ ತಾನಾಗಿ ಬೀಳುತ್ತಿತ್ತು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಎರಡನ್ನೂ ಇಟ್ಟುಕೊಂಡಿತು: ಸದಸ್ಯರಿಗೊಂದು ಮೇಲಿಂಗ್ ಲಿಸ್ಟ್, ಎಲ್ಲರಿಗೂ ತೆರೆದ ‘ಅರಳಿ ಕಟ್ಟೆ’ ಎಂಬ ಪುಟ. ಕಟ್ಟೆಯ ಹಳೆಯ ಮಾತುಗಳನ್ನು ಯಾರು ಬೇಕಾದರೂ, ಲಾಗಿನ್ ಕೂಡ ಆಗದೆ, ಓದಬಹುದು. ನನ್ನ ಮಟ್ಟಿಗೆ ಸರಿಯಾದ ಮಾದರಿ ಇದೇ. ಉತ್ತರಿಸುವವನ ಬಳಿಗೆ ಪ್ರಶ್ನೆ ತಾನಾಗಿ ಹೋಗಬೇಕು; ಉತ್ತರ ಮಾತ್ರ ಎಲ್ಲರೂ ಹುಡುಕಬಹುದಾದ ಕಡೆ ಉಳಿಯಬೇಕು. ಇದಕ್ಕೆ ಈಗ ಸಾಧನಗಳ ಕೊರತೆಯಿಲ್ಲ. ಡಿಸ್ಕೋರ್ಸ್‌ನ ಚರ್ಚೆಗೆ ಇಮೇಲ್‌ನಿಂದಲೇ ಉತ್ತರಿಸಬಹುದು. ಮೇಲ್‌ಮನ್ 3 ಲಿಸ್ಟ್‌ನ ಕಡತವನ್ನು ಜಾಲಪುಟವಾಗಿ ತೋರಿಸುತ್ತದೆ. ಎರಡೂ ಮುಕ್ತ ತಂತ್ರಾಂಶಗಳೇ. ಒಂದನ್ನೇ ಆರಿಸಬೇಕಾಗಿ ಬಂದರೆ, ಅಭಿವೃದ್ಧಿ ಮಾಡುವ ಹತ್ತು ಜನರ ಚರ್ಚೆಗೆ ಲಿಸ್ಟ್, ಬಳಸುವವರ ಸಹಾಯಕ್ಕೆ ಫೋರಂ ಎನ್ನುತ್ತೇನೆ. ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟದಿದ್ದರೆ ಕಾಲುವೆ ತುಂಬಿ ಹರಿದೂ ಫಲವಿಲ್ಲ ಎಂಬುದು ರಾಯಬಾಗದ ಕಬ್ಬು ಬೆಳೆಗಾರರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ವಾಸ್ತವದಲ್ಲಿ ಇವತ್ತು ಎರಡನ್ನೂ ನುಂಗಿರುವುದು ವಾಟ್ಸ್ಆ್ಯಪ್. ಉತ್ತರ ಐದು ನಿಮಿಷದಲ್ಲಿ ಬರುತ್ತದೆ, ಸಂಜೆಯೊಳಗೆ ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ. ಗುಂಪಿನ ಹೊರಗಿನವರಿಗೆ ಅದು ಇದ್ದೂ ಇಲ್ಲದ ಹಾಗೆ. ನಾಳೆ ಇನ್ನೊಬ್ಬ ಅದೇ ಪ್ರಶ್ನೆ ಕೇಳುತ್ತಾನೆ, ಬಲ್ಲವನು ಬೇಸತ್ತು ಸುಮ್ಮನಾಗುತ್ತಾನೆ. ಕೇಳಬೇಡಿ ಎನ್ನುತ್ತಿಲ್ಲ, ಅಲ್ಲೇ ಕೇಳಿ. ಆದರೆ ಸಮಸ್ಯೆ ಬಗೆಹರಿದ ಮೇಲೆ ತಂತ್ರಾಂಶದ ಹೆಸರು, ಆವೃತ್ತಿ, ಮಾಡಿದ ಉಪಾಯ ಇಷ್ಟನ್ನು ಯುನಿಕೋಡ್ ಕನ್ನಡದಲ್ಲಿ, ಚಿತ್ರವಾಗಿಸದೆ ಅಕ್ಷರಗಳಲ್ಲೇ ಟೈಪಿಸಿ, ಒಂದು ಸಾರ್ವಜನಿಕ ಪುಟದಲ್ಲಿ ಹಾಕಿ. ಪುಕ್ಕಟೆ ಸಿಕ್ಕ ತಂತ್ರಾಂಶಕ್ಕೆ ನಾವು ಕೊಡಬೇಕಾದ ಬೆಲೆ ಅಷ್ಟೇ.